ಕಾಣದ ಕತ್ತರಿ

ಸರ್ಕಾರದ ಕತ್ತರಿಗಿಂತ ಸಂಪಾದಕರ ಕೈಯ ಕತ್ತರಿಯೇ ಮೇಲೆಂದು ವಾದಿಸುವವರು ಬ್ರಿಟನ್ನಿನ ‘ಡಿ-ನೋಟೀಸು’ ಪದ್ಧತಿಯನ್ನು ಮೇಲ್ಪಂಕ್ತಿಯಾಗಿ ತೋರಿಸುವುದುಂಟು. ಮಹಾಯುದ್ಧಕ್ಕೆ ಎರಡು ವರ್ಷ ಮುಂಚೆ, 1912ರಲ್ಲಿ, ಹುಟ್ಟಿದ ಏರ್ಪಾಡಿದು. ಅಧಿಕಾರಿಗಳೂ ಪತ್ರಿಕೆಗಳ ಪ್ರತಿನಿಧಿಗಳೂ ಒಂದೇ ಸಮಿತಿಯಲ್ಲಿ ಕುಳಿತು, ರಕ್ಷಣೆಗೆ ಸಂಬಂಧಿಸಿದ ಇಂಥಿಂಥ ಸಂಗತಿ ಅಚ್ಚಾಗದಿರುವುದು ಕ್ಷೇಮವೆಂದು ಸಂಪಾದಕರಿಗೆ ಸೂಚನೆ ಕಳುಹಿಸುತ್ತಾರೆ. ಸೂಚನೆಗೆ ಕಾನೂನಿನ ಬಲವಿಲ್ಲ. ಮೀರಿದರೆ ಅಷ್ಟರಿಂದಲೇ ಶಿಕ್ಷೆಯೂ ಇಲ್ಲ. 1993ರಲ್ಲೊಮ್ಮೆ, 2015ರಲ್ಲೊಮ್ಮೆ ಹೆಸರು ಬದಲಾಯಿತು. ಏರ್ಪಾಡು ಇಂದಿಗೂ ನಡೆದಿದೆ.

ಎಷ್ಟು ಸಭ್ಯವಾದ ವ್ಯವಸ್ಥೆ! ಆದರೆ ಆ ಮೇಜಿನ ಸುತ್ತ ವಾಚಕನಿಗೆ ಕುರ್ಚಿಯಿಲ್ಲ.

ಸೈನ್ಯದ ಚಲನೆಯನ್ನೋ ಹಡಗು ಹೊರಡುವ ವೇಳೆಯನ್ನೋ ವಿವೇಕವುಳ್ಳ ಯಾವ ಸಂಪಾದಕನೂ ಅಚ್ಚುಮಾಡಲಾರ. ಅದಕ್ಕೆ ಸಮಿತಿ ಬೇಕೆ? ಸಮಿತಿಯ ಉಪಯೋಗ ಬೇರೆ ಕಡೆ ಕಂಡುಬರುತ್ತದೆ. 1961ರಲ್ಲಿ ಜಾರ್ಜ್ ಬ್ಲೇಕನಿಗೆ 42 ವರ್ಷಗಳ ಸೆರೆವಾಸ ವಿಧಿಸಿದರು. ಅವನು ಬ್ರಿಟಿಷ್ ಗೂಢಚರ್ಯೆಯ ನೌಕರನೆಂಬುದನ್ನು ಬರೆಯಬೇಡಿರೆಂದು ಸ್ವದೇಶದ ಪತ್ರಿಕೆಗಳಿಗೆ ಸೂಚನೆ ಹೋಯಿತು. ವಿದೇಶದ ಪತ್ರಿಕೆಗಳು ಬರೆದವು. ಅವನನ್ನು ದುಡಿಸಿಕೊಂಡ ಮಾಸ್ಕೋಗಂತೂ ಅದು ಹೊಸ ಸುದ್ದಿಯೇ ಅಲ್ಲ. ಹಾಗಾದರೆ ಗುಟ್ಟು ಯಾರಿಂದ? ತೆರಿಗೆ ಕೊಡುವ ಪ್ರಜೆಯಿಂದ.

1967ರ ಫೆಬ್ರವರಿ 21ರ ಪ್ರಕರಣ ಇನ್ನೂ ಸೊಗಸಾದದ್ದು. ವಿದೇಶಕ್ಕೆ ಹೋಗುವ ತಂತಿ ಸಂದೇಶಗಳನ್ನು ಸರ್ಕಾರ ತರಿಸಿಕೊಂಡು ಪರಿಶೀಲಿಸುತ್ತಿದೆಯೆಂದು ಚಾಪ್‌ಮನ್ ಪಿಂಚರ್ ‘ಡೈಲಿ ಎಕ್ಸ್‌ಪ್ರೆಸ್’ನಲ್ಲಿ ಬರೆದರು. ಸೂಚನೆ ಮೀರಿದರೆಂದು ಪ್ರಧಾನಿ ವಿಲ್ಸನ್ ಗುಡುಗಿದರು. ರ್‍ಯಾಡ್‌ಕ್ಲಿಫರ ನೇತೃತ್ವದಲ್ಲಿ ವಿಚಾರಣೆ ನಡೆದು, ಮೀರಿಲ್ಲವೆಂದು ತೀರ್ಪು ಬಂತು. ತಾನೇ ನೇಮಿಸಿದ ಆ ಸಮಿತಿಯ ತೀರ್ಪನ್ನು ಒಪ್ಪದೆ ಸರ್ಕಾರ ಶ್ವೇತಪತ್ರ ಹೊರಡಿಸಿತು! ತಂತಿ ಕಳುಹಿಸಿದ್ದು ಶತ್ರುವಲ್ಲ, ನಾಗರಿಕ. ಅವನ ಸಂದೇಶವನ್ನು ಯಾರು ಓದುತ್ತಾರೆಂಬುದು ಅವನಿಗೆ ತಿಳಿಯಬಾರದೆಂಬುದೇ ರಾಷ್ಟ್ರರಕ್ಷಣೆಯಾಯಿತು.

ಈಗ ಸ್ಥಾಯೀ ಸೂಚನೆಗಳನ್ನು ಯಾರು ಬೇಕಾದರೂ ಓದಬಹುದು, ನಿಜ. ಆದರೆ 2013ರ ಜೂನ್‌ನಲ್ಲಿ ಸ್ನೋಡೆನ್ ಬಯಲುಮಾಡಿದ ವಿಷಯಗಳ ಬಗ್ಗೆ ಸಂಪಾದಕರಿಗೆ ಪತ್ರ ಹೋದಾಗ, ಆ ಪತ್ರದ ತಲೆಯ ಮೇಲೇ ‘ಪ್ರಕಟಣೆಗಲ್ಲ’ ಎಂಬ ಒಕ್ಕಣೆಯಿತ್ತು.

ನಮ್ಮ ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರು ಬಲವಂತದ್ದಾಗಿತ್ತು; ಅದನ್ನು ಹೊಗಳುವ ಮಾತೇ ಇಲ್ಲ. ಆದರೂ 1975ರ ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಏನೋ ಕತ್ತರಿಸಿಹೋಗಿದೆಯೆಂದು ವಾಚಕನಿಗೆ ತಿಳಿಯಿತು. ಒಪ್ಪಂದದ ಕತ್ತರಿ ಅಷ್ಟು ಗುರುತನ್ನೂ ಉಳಿಸುವುದಿಲ್ಲ. ಪುಟ ತುಂಬಿಯೇ ಇರುತ್ತದೆ, ಕ್ರಿಕೆಟ್ಟೋ ಅರಮನೆಯ ಮದುವೆಯೋ ಬಂದು ಕೂರುತ್ತದೆ.

ಸ್ವಯಂಪ್ರೇರಣೆಯೆಂಬುದು ಸತ್ಯವಾದರೆ ಸಂಪಾದಕರು ಒಂದು ಕೆಲಸ ಮಾಡಲಿ: ಸೂಚನೆಗೆ ಮಣಿದು ಬಿಟ್ಟ ಸಂಗತಿಯಿದ್ದಾಗ, ಸುದ್ದಿಯ ಕೆಳಗೆ, ಇಂಥ ಸಮಿತಿಯ ಕೋರಿಕೆಯಂತೆ ಒಂದು ಭಾಗವನ್ನು ಕೈಬಿಟ್ಟಿದ್ದೇವೆಂದು ಒಂದು ಸಾಲು ಅಚ್ಚುಹಾಕಲಿ.