ಟ್ರೇಲರ್‌ನ ದೀಪ, ಬ್ರೇಕು ಮತ್ತು ನಮ್ಮ ಕೊಯ್ಲು

ಮಳೆ ಹಿಂದೆ ಸರಿಯುತ್ತಿದ್ದಂತೆ ನಮ್ಮ ಬೆಳೆಗಾರರು ಕಣ ಸಾರಿಸುತ್ತಾರೆ, ಪಲ್ಪರ್‌ಗೆ ಎಣ್ಣೆ ಬಿಡುತ್ತಾರೆ, ಅಡಿಕೆ ಬೇಯಿಸುವ ಹಂಡೆ ತೊಳೆಸುತ್ತಾರೆ, ಕೊನೆಗಾರರಿಗೆ ಮುಂಗಡ ಕೊಟ್ಟು ಬರುತ್ತಾರೆ. ಕೊಯ್ದ ಮಾಲನ್ನೆಲ್ಲ ಹೊರಬೇಕಾದ ಟ್ರೇಲರ್ ಮಾತ್ರ ಜೂನ್ ತಿಂಗಳಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿರುತ್ತದೆ. ಚಕ್ರಕ್ಕೆ ಗಾಳಿ ಹೊಡೆಸಿ, ಬೇರಿಂಗಿಗೆ ಗ್ರೀಸ್ ತುಂಬಿದರೆ ಅದರ ತಯಾರಿ ಮುಗಿಯಿತೆಂಬುದು ಸಾಮಾನ್ಯ ಭಾವನೆ. ಹಿಂದಿನ ದೀಪ ಉರಿಯುತ್ತದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ಕೇಳುವವರು ಬಹಳ ಕಡಿಮೆ.

“ನಮ್ಮದು ತೋಟದೊಳಗಿನ ಗಾಡಿ, ದೀಪ ಯಾಕೆ?” ಎಂಬ ಮಾತನ್ನು ನಾವು ಸಾಕಷ್ಟು ಕೇಳಿದ್ದೇವೆ. ಈ ಮಾತು ಅರ್ಧ ಸತ್ಯ. ಬೆಳಗ್ಗಿನಿಂದ ಕೊಯ್ದ ಹಣ್ಣನ್ನು ಸಂಜೆ ಅಳೆದು, ಲೆಕ್ಕ ಬರೆದು, ಟ್ರೇಲರ್‌ಗೆ ತುಂಬುವ ಹೊತ್ತಿಗೆ ಡಿಸೆಂಬರ್‌ನಲ್ಲಿ ಕತ್ತಲಾಗಿರುತ್ತದೆ. ಕಣಕ್ಕೋ ಮಂಡಿಗೋ ಹೋಗಲು ಸ್ವಲ್ಪ ದೂರವಾದರೂ ಡಾಂಬರು ರಸ್ತೆ ಹಿಡಿಯಲೇಬೇಕು. ತಿರುವು, ಮಂಜು, ಎರಡೂ ಕಡೆ ಸಿಲ್ವರ್ ಓಕ್ ನೆರಳು. ಹಿಂದಿನಿಂದ ಬರುವ ಬೈಕಿನವನಿಗೆ ಮಣ್ಣು ಮೆತ್ತಿದ ಟ್ರೇಲರ್ ಕಾಣುವುದು ಅದು ಹತ್ತು ಮಾರು ದೂರ ಇರುವಾಗ. ಆ ಬೈಕಿನ ಮೇಲಿರುವವನು ಬಹುಮಟ್ಟಿಗೆ ನಮ್ಮೂರಿನವನೇ. 1988ರ ಮೋಟಾರು ವಾಹನ ಕಾಯಿದೆಯೂ 1989ರ ಕೇಂದ್ರ ನಿಯಮಗಳೂ ಟ್ರೇಲರನ್ನು ಬಿಟ್ಟಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ನಾವು ಇಲ್ಲಿ ಕಾಯಿದೆಯ ಹೆದರಿಕೆ ಹಾಕಹೊರಟಿಲ್ಲ.

ದೀಪ ಕೆಟ್ಟಿತೆಂದರೆ ಬಲ್ಬು ಬದಲಿಸುವುದು ರೂಢಿ. ಹೊಸ ಬಲ್ಬೂ ಉರಿಯದಿದ್ದರೆ “ವೈರಿಂಗ್ ಹೋಗಿದೆ” ಎಂದು ಕೈಬಿಡುವುದೂ ರೂಢಿ. ನಾವು ಕಂಡ ಮಟ್ಟಿಗೆ ಟ್ರೇಲರ್‌ನ ದೀಪದ ರೋಗಗಳಲ್ಲಿ ದೊಡ್ಡ ಪಾಲು ಅರ್ಥ್‌ನದು. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬಿನ ಮೂಲಕ ಹಾದು ಮರಳಿ ಬ್ಯಾಟರಿಗೆ ಸೇರಬೇಕು. ಆ ಹಿಂದಿರುಗುವ ದಾರಿಯನ್ನು ಅನೇಕ ಟ್ರೇಲರ್‌ಗಳಲ್ಲಿ ತುಕ್ಕು ಹಿಡಿದ ಕಬ್ಬಿಣಕ್ಕೆ, ಕೊಂಡಿಯ ಪಿನ್ನಿಗೆ ಬಿಟ್ಟುಬಿಟ್ಟಿರುತ್ತಾರೆ. ಪಿನ್ನಿನ ಸುತ್ತ ಗ್ರೀಸು, ಕೆಸರು. ದೀಪದ ಬೋಲ್ಟಿನ ಕೆಳಗೆ ಬಣ್ಣ, ತುಕ್ಕು. ಗಾಡಿ ಕುಲುಕಿದಾಗ ದೀಪ ಬರುತ್ತದೆ, ನಿಂತಾಗ ಹೋಗುತ್ತದೆ.

ಅರ್ಥ್ ಕೆಟ್ಟದ್ದಕ್ಕೆ ಇನ್ನೊಂದು ಗುರುತುಂಟು. ಬ್ರೇಕ್ ತುಳಿದರೆ ಹಿಂದಿನ ಕೆಂಪು ದೀಪ ಜೋರಾಗುವ ಬದಲು ಮಂಕಾಗುತ್ತದೆ, ಇಲ್ಲವೇ ಇಂಡಿಕೇಟರ್ ಹಾಕಿದರೆ ಎಲ್ಲ ದೀಪವೂ ಒಟ್ಟಿಗೆ ಮಿಣುಕುತ್ತದೆ. ನೇರ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ನುಸುಳಿ ಹಿಂದಿರುಗಲು ನೋಡುವುದೇ ಇದಕ್ಕೆ ಕಾರಣ. ಇದನ್ನು ಪರೀಕ್ಷಿಸಲು ಗ್ಯಾರೇಜಿಗೆ ಹೋಗಬೇಕಾಗಿಲ್ಲ. ಉದ್ದದ ಒಂದು ವೈರಿನ ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಇನ್ನೊಂದು ತುದಿಯನ್ನು ದೀಪದ ಲೋಹದ ಭಾಗಕ್ಕೆ ಒತ್ತಿರಿ. ದೀಪ ಸರಿಹೋದರೆ ಕಳ್ಳ ಸಿಕ್ಕಿದಂತೆ. ಪ್ಲಗ್ಗಿನಿಂದ ಎರಡೂ ದೀಪಗಳವರೆಗೆ ಪ್ರತ್ಯೇಕ ಅರ್ಥ್ ವೈರ್ ಎಳೆಸಿ, ಬೋಲ್ಟು ಕೂರುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ ಬಿಗಿಸಿ, ಮೇಲೆ ಗ್ರೀಸು ಸವರಿದರೆ ಮುಂದಿನ ಮಳೆಗಾಲವನ್ನೂ ದಾಟಿಸಬಹುದು.

ಮೀಟರನ್ನು ಪೂರ್ತಿ ನಂಬಬೇಡಿ. ಇಲಿ ಕಡಿದು ಒಂದೇ ಎಳೆ ಉಳಿದ ವೈರಿನಲ್ಲೂ ಬಲ್ಬು ತೆಗೆದು ಅಳೆದರೆ ಮೀಟರು 12 ವೋಲ್ಟ್ ತೋರಿಸುತ್ತದೆ. ಬಲ್ಬು ಹಾಕಿ, ಬ್ರೇಕ್ ತುಳಿಸಿ, ಆಗ ಅಳೆಯಬೇಕು. ವೈರಿನ ದಪ್ಪವೂ ಮುಖ್ಯ. ಬ್ರೇಕ್ ದೀಪದ 21 ವಾಟಿನ ಎರಡು ಬಲ್ಬುಗಳು ಸುಮಾರು ಮೂರೂವರೆ ಆಂಪಿಯರ್ ಎಳೆಯುತ್ತವೆ. ಅರ್ಧ ಚದರ ಮಿಲಿಮೀಟರಿನ ಅಗ್ಗದ ವೈರನ್ನು ಹೋಗಲು ಎಂಟು ಮೀಟರ್, ಬರಲು ಎಂಟು ಮೀಟರ್ ಎಳೆದರೆ ಹೆಚ್ಚುಕಡಿಮೆ ಎರಡು ವೋಲ್ಟ್ ದಾರಿಯಲ್ಲೇ ಕಳೆದು, ಬೆಳಕು ಅರ್ಧದಷ್ಟಕ್ಕೆ ಇಳಿಯುತ್ತದೆ. ಎರಡೂವರೆ ಚದರ ಮಿಲಿಮೀಟರಿನ ವೈರಿನಲ್ಲಿ ಈ ನಷ್ಟ ಅರ್ಧ ವೋಲ್ಟನ್ನೂ ಮುಟ್ಟುವುದಿಲ್ಲ. ಈಗ ಎಲ್‌ಇಡಿ ದೀಪ ಹಾಕಿಸುವವರು ಹೆಚ್ಚಿದ್ದಾರೆ. ಒಳ್ಳೆಯದೇ, ಅದಕ್ಕೆ ಕರೆಂಟು ಕಡಿಮೆ ಸಾಕು. ಆದರೆ ಇಂಡಿಕೇಟರಿನ ಫ್ಲಾಷರ್ ಹಳೆಯದೇ ಇದ್ದರೆ ಅದು ಬಡಬಡನೆ ಹೊಡೆದುಕೊಳ್ಳಬಹುದು ಅಥವಾ ಸುಮ್ಮನಿರಬಹುದು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ನಮ್ಮ ಕಡೆ ಟ್ರೇಲರ್ ಒಬ್ಬರದು, ಟ್ರ್ಯಾಕ್ಟರ್ ಇನ್ನೊಬ್ಬರದು. ಕೊಯ್ಲಿನ ಕಾಲದಲ್ಲಿ ಯಾರ ಟ್ರೇಲರ್ ಯಾರ ಟ್ರ್ಯಾಕ್ಟರಿಗೆ, ಜೀಪಿಗೆ, ಪಿಕಪ್ಪಿಗೆ ಕಟ್ಟುತ್ತದೋ ಹೇಳಲಾಗದು. ಒಬ್ಬೊಬ್ಬ ಎಲೆಕ್ಟ್ರಿಷಿಯನ್ ತನಗೆ ತೋಚಿದಂತೆ ವೈರ್ ಜೋಡಿಸಿರುವುದರಿಂದ ಎಡಕ್ಕೆ ಕೈ ತೋರಿಸಿದರೆ ಬಲದ ದೀಪ ಹೊಡೆಯುತ್ತದೆ. ಇದಕ್ಕಿಂತ ದೀಪ ಇಲ್ಲದಿರುವುದೇ ಮೇಲು. ಏಳು ಪಿನ್ನಿನ ದುಂಡು ಪ್ಲಗ್ಗಿಗೆ ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಕ್ರಮವೊಂದಿದೆ: 1 ಎಡ ಇಂಡಿಕೇಟರ್, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲಬದಿಯ ಹಿಂದಿನ ದೀಪ, 6 ಬ್ರೇಕ್ ದೀಪ, 7 ಎಡಬದಿಯ ಹಿಂದಿನ ದೀಪ. 2ನೆಯದು ಮಂಜಿನ ದೀಪಕ್ಕೆ; ನಮ್ಮಲ್ಲಿ ಅದನ್ನು ಖಾಲಿ ಬಿಡಬಹುದು. ವೈರಿನ ಬಣ್ಣ ನೋಡಿ ಜೋಡಿಸಬೇಡಿ, ಪಿನ್ನಿನ ಸಂಖ್ಯೆ ನೋಡಿ ಜೋಡಿಸಿ. ಸಂಘದ ಸದಸ್ಯರೆಲ್ಲರೂ ಈ ಒಂದೇ ಕ್ರಮಕ್ಕೆ ಬರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಮೂರು ಟನ್ನಿನ ಟ್ರೇಲರ್ ಮುಂದಿನ ಗಾಡಿಯನ್ನು ಸುಮಾರು 300 ಕಿಲೋ ಬಲದಿಂದ ತಳ್ಳುತ್ತದೆ. ತಳ್ಳಿಸಿಕೊಳ್ಳುವ ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು. ತಿರುವಿನಲ್ಲಿ ಟ್ರ್ಯಾಕ್ಟರ್ ಬ್ರೇಕ್ ಹಿಡಿದು, ಟ್ರೇಲರ್ ಹಿಡಿಯದಿದ್ದರೆ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಟ್ರೇಲರ್‌ನ ತಳ್ಳಿಕೆಯಿಂದಲೇ ಹಿಡಿಯುವ ಬ್ರೇಕುಗಳುಂಟು. ಹಳೆಯ ಮಾದರಿಯವು ಹಿಂದಕ್ಕೆ ತೆಗೆಯುವಾಗಲೂ ಹಿಡಿಯುತ್ತವೆಂದು ಅದಕ್ಕೊಂದು ತಡೆ ಹಾಕುತ್ತಾರೆ. ಆ ತಡೆ ತೆಗೆಯದೆ ರಸ್ತೆಗೆ ಬಂದರೆ ಬ್ರೇಕು ಇದ್ದೂ ಇಲ್ಲ. ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಚಿಲಕದ ಕಥೆಯೂ ಇದೇ. ಗಿಡದ ಸಾಲಿನ ನಡುವೆ ತಿರುಗಿಸಲು ಬಿಚ್ಚಿದ ಚಿಲಕ ರಸ್ತೆಯಲ್ಲೂ ಬಿಚ್ಚಿಯೇ ಇರುತ್ತದೆ. ಒಂದೇ ಪೆಡಲಿಗೆ ಕಾಲು ಬಿದ್ದರೆ ಗಾಡಿ ಚರಂಡಿಯ ಕಡೆ ಎಳೆಯುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಅಮೆರಿಕದ ರೈತರು ಪಿಕಪ್ಪಿಗೆ ಕಟ್ಟುವ ಟ್ರೇಲರ್‌ಗಳಲ್ಲಿ ಬ್ರೇಕನ್ನೂ ವಿದ್ಯುತ್ತೇ ಹಿಡಿಯುವುದುಂಟು. ಚಕ್ರದೊಳಗೊಂದು ವಿದ್ಯುತ್ ಅಯಸ್ಕಾಂತ, ಒಂದೊಂದಕ್ಕೆ ಸುಮಾರು ಮೂರು ಆಂಪಿಯರ್. ನಾಲ್ಕು ಚಕ್ರಕ್ಕೆ ಹನ್ನೆರಡು. ಅಲ್ಲಿಯೂ ಬ್ರೇಕು ಸಡಿಲವಾಯಿತೆಂದರೆ ಮೊದಲು ನೋಡುವ ಜಾಗಗಳಲ್ಲೊಂದು ಅರ್ಥ್ ವೈರು. ಕೊಂಡಿ ಕಳಚಿದರೆ ಒಂದು ಪಿನ್ನು ಎಳೆದು ಬಂದು, ಟ್ರೇಲರ್‌ನದೇ ಸಣ್ಣ ಬ್ಯಾಟರಿಯಿಂದ ಬ್ರೇಕು ತಾನಾಗಿ ಹಿಡಿಯುವ ಏರ್ಪಾಡನ್ನೂ ಇಟ್ಟಿರುತ್ತಾರೆ. ನಮಗೆ ಅಷ್ಟೆಲ್ಲ ಸದ್ಯಕ್ಕೆ ಬೇಡ. ಕೊಂಡಿಯ ಪಿನ್ನಿಗೆ ಸರಿಯಾದ ಕ್ಲಿಪ್ಪು, ಜೊತೆಗೊಂದು ಗಟ್ಟಿ ಸರಪಳಿ ಇದ್ದರೂ ದೊಡ್ಡ ಮಾತು. ಕ್ಲಿಪ್ಪಿನ ಬದಲು ಬೇಲಿ ತಂತಿ ಸುತ್ತಿದ ಟ್ರೇಲರ್‌ಗಳು ನಮ್ಮ ಗೋದಾಮಿನ ಅಂಗಳಕ್ಕೂ ಬರುತ್ತವೆ.

ಆದ್ದರಿಂದ ಸಂಘದ ಮುಂದೆ ನಮ್ಮ ಸೂಚನೆ ಇಷ್ಟು. ಗೊಬ್ಬರ ಒಯ್ಯಲು ಸದಸ್ಯರು ಹೇಗೂ ಟ್ರೇಲರ್ ತರುತ್ತಾರೆ. ಕೊಯ್ಲಿಗೆ ಮುಂಚೆ ಒಂದು ವಾರ ಗೋದಾಮಿನ ಬಳಿ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕೂರಿಸಿ, ಪ್ಲಗ್ಗು, ವೈರು, ಬಲ್ಬು, ಕೆಂಪು ರಿಫ್ಲೆಕ್ಟರ್‌ಗಳನ್ನು ಅಸಲು ದರದಲ್ಲಿ ಕೊಡಬೇಕು. ಸಂಘದ ಹಣ ಇದಕ್ಕಲ್ಲ ಎನ್ನುವವರಿರಬಹುದು. ಸದಸ್ಯರ ಮಾಲು ಗೋದಾಮು ಸೇರುವುದು ಈ ಗಾಡಿಗಳಲ್ಲೇ. ಅಂದಮೇಲೆ ಇದಕ್ಕಲ್ಲದೆ ಇನ್ಯಾವುದಕ್ಕೆ ಎಂಬುದು ನಮ್ಮ ಪ್ರಶ್ನೆ. ಪಿನ್ನಿನ ಕ್ರಮವನ್ನು ತಗಡಿನ ಮೇಲೆ ಬರೆಸಿ ತೂಕದ ಕಟ್ಟೆಯ ಬಳಿ ತೂಗುಹಾಕಲು ಖರ್ಚೂ ಇಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದು ಚರ್ಚೆಗೆ ಬರಬೇಕು. ಒಪ್ಪುವ ಸದಸ್ಯರು, ಒಪ್ಪದವರು ಕೂಡ, ಅದಕ್ಕೆ ಮುಂಚೆ ಕಚೇರಿಗೆ ಒಂದು ಸಾಲು ಬರೆದು ತಿಳಿಸಲಿ.