ಭೂಗತ ಜಗತ್ತನ್ನು ಬೆಳೆಸಿದ್ದು ಒಡೆದ ಸಮಾಜವೇ?

ಪ್ರಶ್ನೆ: ಮುಂಬೈಯ ಬಟ್ಟೆ ಗಿರಣಿ ಕೇರಿಗಳ ಬದುಕು ಕುಸಿದದ್ದೇ ಅಲ್ಲಿ ಸಂಘಟಿತ ಅಪರಾಧ ಹಬ್ಬಲು ಮುಖ್ಯ ಕಾರಣವೇ?

ಪರ: ಖಾನಾವಳಿ ಮುಚ್ಚಿದ ಮೇಲೆ

ಅನುಮಾನವೇ ಬೇಡ. ಭೂಗತ ಜಗತ್ತಿನ ಕಥೆಯನ್ನು ದುಬೈಯಲ್ಲಿ ಕೂತ ಡಾನ್‌ಗಳಿಂದ ಶುರುಮಾಡುವುದು ನಮ್ಮ ಪತ್ರಿಕೆಗಳ ಹಳೇ ಚಾಳಿ. ಶುರುಮಾಡಬೇಕಾದದ್ದು ಪರೇಲ್, ಲಾಲ್‌ಬಾಗ್, ಬೈಕುಲಾದ ಚಾಳುಗಳಿಂದ.

ಒಂದೊಂದು ಪುಟ್ಟ ಖೋಲಿಯಲ್ಲಿ ಹತ್ತಾರು ಜನ. ಗಿರಣಿಗೆ ಮೂರು ಪಾಳಿ, ಹಾಗಾಗಿ ಒಬ್ಬ ಎದ್ದುಹೋದ ಜಾಗದಲ್ಲಿ ಇನ್ನೊಬ್ಬ ಬಂದು ಮಲಗುತ್ತಿದ್ದ. ಊಟ ಖಾನಾವಳಿಯಲ್ಲಿ. ನಡೆಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ತಿಂಗಳಿಡೀ ಸಾಲದ ಊಟ, ಪಗಾರದ ದಿನ ಲೆಕ್ಕ ಚುಕ್ತಾ. ಯಾರು ಕುಡಿತಕ್ಕೆ ಬಿದ್ದ, ಯಾರು ಊರಿಗೆ ಮನಿಯಾರ್ಡರ್ ಕಳಿಸುವುದು ನಿಲ್ಲಿಸಿದ ಎಂಬುದು ಬಡಿಸುವ ಆ ಹೆಂಗಸಿಗೆ ಪೊಲೀಸ್ ಠಾಣೆಗಿಂತ ಮೊದಲೇ ತಿಳಿಯುತ್ತಿತ್ತು. ತಿಳಿದರೆ ಸುಮ್ಮನಿರುತ್ತಲೂ ಇರಲಿಲ್ಲ. ಹುಡುಗರ ಸಂಜೆಗೆ ವ್ಯಾಯಾಮಶಾಲೆ, ಭಜನಾ ಮಂಡಳಿ, ಗಣೇಶ ಮಂಡಳಿ, ಯೂನಿಯನ್ ಕಚೇರಿಗಳಿದ್ದವು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಮಾತಿಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಪಗಾರ ನಿಂತಿತು, ಖಾನಾವಳಿಯ ಸಾಲ ಹಾಗೇ ಉಳಿಯಿತು. ಅಪ್ಪ ಕೊಂಕಣದ ಊರಿಗೋ ಸಾತಾರಾಕ್ಕೋ ಹಿಂದಿರುಗಿದ, ಮಗ ಚಾಳಿನ ಮೆಟ್ಟಿಲ ಮೇಲೆ ಕೂತ. ಅಲ್ಲಿಗೆ ಬಂದು ಕೈಗೆ ನೋಟು ತುರುಕಿ ‘ಸಣ್ಣ ಕೆಲಸ’ ಹೇಳುವವನಿಗೆ ಅಡ್ಡಬರುವವರು ಯಾರು ಉಳಿದಿದ್ದರು?

ಎಲ್ಲ ಹುಡುಗರೂ ಭಾಯಿಗಳಾದರೇ ಎಂದು ಕೇಳುವವರಿದ್ದಾರೆ. ಆಗಬೇಕಿಲ್ಲ ಸ್ವಾಮಿ, ಬೀದಿಗೆ ನಾಲ್ಕು ಜನ ಸಿಕ್ಕರೆ ಗ್ಯಾಂಗಿಗೆ ಧಾರಾಳವಾಯಿತು.

ಗಿರಣಿ ಕಾರ್ಮಿಕನ ಮಗ, ಭೂಗತ ದೊರೆ ಅರುಣ್ ಗಾವ್ಲಿ ದಗಡಿ ಚಾಳಿನಲ್ಲಿ ಪಂಚಾಯಿತಿ ನಡೆಸಿದ, 2004ರಲ್ಲಿ ಶಾಸಕನೂ ಆದ. ಜನ ಬರೀ ಹೆದರಿಕೆಯಿಂದ ಮತ ಹಾಕಿದರೆಂದು ನನಗೆ ಹೇಳಬೇಡಿ. ಯೂನಿಯನ್ ಮಾಡಬೇಕಿದ್ದ ಕೆಲಸವನ್ನು ಅವನು ಮಾಡುತ್ತಿದ್ದ. ಅವನ ನವರಾತ್ರಿಗೆ ಕೇರಿಗೆ ಕೇರಿಯೇ ಸೇರುತ್ತಿತ್ತು. ಹಾಗಾದರೆ ಸಮಾಜ ಒಡೆದದ್ದೆಲ್ಲಿ ಎನ್ನುವಿರಾ? ಒಗ್ಗಟ್ಟು ಉಳಿದಿತ್ತು ನಿಜ, ಯಜಮಾನ ಬದಲಾಗಿದ್ದ.

ಹುಡುಗರನ್ನು ಹಿಡಿದಿಡುವ ಜಾಗವಿದ್ದರೆ ಏನಾಗುತ್ತದೆಂದು ಮುಂಬೈ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ ನಮ್ಮ ಹುಡುಗರನ್ನು ರಾತ್ರಿ ಬೀದಿಗೆ ಬಿಡದೆ ಬೆಂಚಿನ ಮೇಲೆ ಕೂರಿಸಿದ್ದು ಕನ್ನಡ ರಾತ್ರಿಶಾಲೆಗಳು. ಅವರಲ್ಲಿ ವಕೀಲರಾದವರುಂಟು, ಬ್ಯಾಂಕ್ ಅಧಿಕಾರಿಗಳಾದವರುಂಟು.

ವಿರೋಧ: ಕಾಲಗಣನೆ ಸರಿಹೊಂದುವುದಿಲ್ಲ

ಮೊದಲಿಗೆ ವರ್ಷಗಳನ್ನು ನೋಡೋಣ. ಭೂಗತ ದೊರೆಗಳಾದ ಹಾಜಿ ಮಸ್ತಾನ್, ಕರೀಂ ಲಾಲಾ, ವರದರಾಜನ್ ಮುದಲಿಯಾರ್ ಮುಷ್ಕರಕ್ಕೆ ಮುಂಚಿನವರು. ಆಗ ಗಿರಣಿಗಳ ಸೈರನ್ ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು. ಮಸ್ತಾನ್ ಕೈಗೆ ಹಣ ಬಂದದ್ದು ಚಿನ್ನದ ಕಳ್ಳಸಾಗಣೆಯಿಂದ, ವರದರಾಜನ್‌ಗೆ ಕಳ್ಳಭಟ್ಟಿಯಿಂದ. ಎರಡನ್ನೂ ಲಾಭದ ದಂಧೆ ಮಾಡಿದ್ದು ಸರ್ಕಾರ: 1949ರ ಪಾನನಿರೋಧ ಕಾಯ್ದೆ, 1968ರ ಚಿನ್ನ ನಿಯಂತ್ರಣ ಕಾಯ್ದೆ. ಜನ ಬಯಸುವ ವಸ್ತುವನ್ನು ನಿಷೇಧಿಸಿದರೆ ಅದನ್ನು ಒದಗಿಸುವವನು ಹುಟ್ಟುತ್ತಾನೆ, ಅವನ ನೆರೆಹೊರೆ ಗಟ್ಟಿಯಿರಲಿ ಸಡಿಲವಿರಲಿ.

ಎರಡನೆಯದು, ಡಾನ್ ದಾವೂದ್ ಇಬ್ರಾಹಿಂ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಮಗ. ಬೆಳೆದ ಡೋಂಗ್ರಿ ಗಿರಣಿ ಕೇರಿಯಲ್ಲ. ಸೆನೆಗಲ್‌ನಲ್ಲಿ ಸಿಕ್ಕಿಬಿದ್ದು 2020ರಲ್ಲಿ ಬೆಂಗಳೂರಿಗೆ ಬಂದ ಗ್ಯಾಂಗ್‌ಸ್ಟರ್ ರವಿ ಪೂಜಾರಿಯ ಮೂಲ ಮಲ್ಪೆ. ಮಲ್ಪೆಯದು ಒಡೆದ ಸಮಾಜ ಎಂದು ಅಲ್ಲಿನವರ ಮುಂದೆ ಹೇಳಿನೋಡಿ.

ಮೂರನೆಯದು, ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ ಬಾಸ್ಟನ್ನಿನ ಇಟಾಲಿಯನ್ ಕೇರಿಯಲ್ಲಿ ವಾಸವಿದ್ದು 1943ರಲ್ಲೇ ಬರೆದಿದ್ದಾರೆ: ಹೊರಗಿನವರಿಗೆ ಗೊಂದಲವೆಂದು ಕಂಡ ಕೊಳೆಗೇರಿಗೆ ತನ್ನದೇ ಬಿಗಿಯಾದ ಕಟ್ಟುಪಾಡು ಇತ್ತು. ಗ್ಯಾಂಗಿಗೂ ಬೇಕಾದದ್ದು ಅಂಥ ಶಿಸ್ತೇ.

ಮುಷ್ಕರದ ನಂತರ ಹುಡುಗರು ಅಗ್ಗವಾಗಿ ಸಿಕ್ಕರು ಎಂಬುದನ್ನು ನಾನು ಅಲ್ಲಗಳೆಯಲಾರೆ. ಅವರಿಲ್ಲದಿದ್ದರೆ ತೊಂಬತ್ತರ ದಶಕದ ಗ್ಯಾಂಗುಗಳು ಅಷ್ಟು ದೊಡ್ಡವಾಗುತ್ತಿರಲಿಲ್ಲವೇನೋ. ಆದರೆ ಆ ದಶಕದ ರಕ್ತಪಾತದ ಹಿಂದೆ ಭೂಮಿಯೂ ಇತ್ತು. ಗಿರಣಿ ಜಮೀನಿನ ಮಾರಾಟಕ್ಕೆ ದಾರಿಬಿಟ್ಟ ನಿಯಮ ಬಂದದ್ದು 1991ರಲ್ಲಿ. ಗಿರಣಿ ಮಾಲೀಕ ಸುನೀತ್ ಖಟಾವ್ ಗುಂಡಿಗೆ ಬಲಿಯಾದದ್ದು 1994ರಲ್ಲಿ: ಮುಷ್ಕರ ಶುರುವಾಗಿ ಹನ್ನೆರಡು ವರ್ಷಕ್ಕೆ, ನಿಯಮ ಬಂದು ಮೂರೇ ವರ್ಷಕ್ಕೆ.