ಗುಂಡಿಗಿಂತ ಮೊದಲು ಬಂದ ಅರ್ಜಿ

ಗದಗ ಜಿಲ್ಲೆಯ ಹರ್ತಿಯಲ್ಲಿ ನಿಂತರೆ ಬಡಗಣಕ್ಕೆ ನರಗುಂದ, ಮೂಡಣಕ್ಕೆ ಮುಂಡರಗಿ ತಾಲೂಕಿನ ಹಳ್ಳಿಗುಡಿ. ಎರಡೂ ಕಡೆ ರೈತರು ಸರ್ಕಾರದ ಎದುರು ನಿಂತರು. ಒಂದು ಕಡೆ ಗುಂಡು ಹಾರಿತು, ಇನ್ನೊಂದು ಕಡೆ ಹಾರಲಿಲ್ಲ. ಯಾಕೆ?

ನರಗುಂದದ ಕಥೆ ಕಾಲುವೆಯಿಂದ ಶುರುವಾಗುತ್ತದೆ. ಮಲಪ್ರಭಾ ನೀರು ಎರೆಹೊಲಕ್ಕೆ ಬರುವ ಮೊದಲೇ, ನೀರಾವರಿಯಿಂದ ಭೂಮಿಯ ಬೆಲೆ ಏರುತ್ತದೆಂದು ಹಾಕುವ ಬೆಟರ್‌ಮೆಂಟ್ ಲೆವಿಯ ನೋಟೀಸು ಬಂತು. ನೀರು ಬಂದ ಕಡೆ ಕೆಲವು ಹೊಲ ಸವುಳಾದವು. ನಂಬಿ ಬೆಳೆದ ವರಲಕ್ಷ್ಮಿ ಹತ್ತಿಯ ದರವೂ ಕುಸಿಯಿತು. ಅರ್ಜಿ ಕೊಟ್ಟರು, ಧರಣಿ ಕೂತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ರೈತರು ಸತ್ತರು. ಪೊಲೀಸರೂ ಸತ್ತರು, ಅದನ್ನು ಮರೆಮಾಚಿ ಗುಂಪನ್ನೆಲ್ಲ ಹಸುಗೂಸೆಂದರೆ ಸುಳ್ಳಾಗುತ್ತದೆ. ಆದರೆ ಆ ಸಿಟ್ಟು ಒಂದು ದಿನದ್ದಲ್ಲ. ಗುಂಡು ಅದನ್ನು ಆರಿಸಲೂ ಇಲ್ಲ. ರೈತ ಸಂಘ ರಾಜ್ಯವ್ಯಾಪಿಯಾಯಿತು, 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರ ಉರುಳಿತು.

ಹಳ್ಳಿಗುಡಿ ಸುತ್ತ 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರ ಎಕರೆಗೂ ಮಿಕ್ಕಿದ ಭೂಮಿ ಕೇಳಿದರು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆ ಬೀದಿಗಿಳಿದರು. ಜುಲೈ ಹೊತ್ತಿಗೆ ಸರ್ಕಾರ ಹಿಂದೆ ಸರಿಯಿತು. ಮಠದ ಮಾತಿಗೆ ವಿಧಾನಸೌಧದಲ್ಲಿ ಕಿವಿ ಇತ್ತೆನ್ನಿ. ನೋಟೀಸು ಹಿಡಿದ ಒಂಟಿ ರೈತನಿಗೆ ಆ ಕಿವಿ ಸಿಗುವುದಿಲ್ಲ. ನನಗೆ ಕಾಣುವ ವ್ಯತ್ಯಾಸ ಅಷ್ಟೇ: ಕೇಳಿಸಿಕೊಂಡ ಕಡೆ ಬಂದೂಕಿಗೆ ಕೆಲಸ ಬೀಳಲಿಲ್ಲ.

ದಂಗೆಯಾದ ಮೇಲೆ ಸರ್ಕಾರ ಸಾಮಾನ್ಯವಾಗಿ ಇನ್ನಷ್ಟು ತುಕಡಿ, ಇನ್ನಷ್ಟು ವ್ಯಾನು ತರುತ್ತದೆ. ಠಾಣೆಯ ಬೀಟ್ ಪೊಲೀಸನಿಗೆ ಯಾರ ಹೊಲ ಒಣಗಿದೆ, ಯಾರ ಮಾತನ್ನು ಊರು ಕೇಳುತ್ತದೆ ಎಂಬುದು ಗೊತ್ತು. ಹೊರಗಿನಿಂದ ವ್ಯಾನಿನಲ್ಲಿ ಬಂದಿಳಿದವನಿಗೆ ಊರೆಲ್ಲ ಒಂದೇ ಗುಂಪು. 2016ರ ಜುಲೈ ಕೊನೆಗೆ ಮಹದಾಯಿ ನ್ಯಾಯಮಂಡಳಿ ನೀರು ಕೇಳಿದ ಕರ್ನಾಟಕದ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ಪ್ರತಿಭಟನೆ ಎದ್ದು, ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರೆನ್ನದೆ ಲಾಠಿ ಬೀಸಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ನೀರಿನ ವ್ಯಾಜ್ಯ ಇದ್ದದ್ದು ದಿಲ್ಲಿಯಲ್ಲಿ. ಏಟು ಬಿದ್ದದ್ದು ಯಮನೂರಿನ ಬೆನ್ನಿಗೆ.

ಪೊಲೀಸರ ಮೇಲಷ್ಟೇ ಸಿಟ್ಟಾಗುವುದೂ ಸುಲಭದ ದಾರಿ. ಕಂದಾಯ, ನೀರಾವರಿ ಇಲಾಖೆಗಳು ಬಿಟ್ಟ ಕೆಲಸ ಕೊನೆಗೆ ಕಾನ್‌ಸ್ಟೇಬಲ್ಲನ ತಲೆಗೆ ಬರುತ್ತದೆ. ಕೊಡಲು ಅವನ ಬಳಿ ನೀರಿಲ್ಲ, ಲಾಠಿಯಿದೆ.

ಪ್ರತಿ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಎಲ್ಲ ಪಕ್ಷದವರೂ ಮಾಲೆ ತರುತ್ತಾರೆ. ರೈತರು ಆವತ್ತೂ ನೀರನ್ನೇ ಕೇಳುತ್ತಾರೆ.